ಗುರುತಿನ ನಂಬರು ಗುಟ್ಟಾಗಿದ್ದು ಹೇಗೆ

1938ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್‌ನಲ್ಲಿದ್ದ ಪರ್ಸ್ ತಯಾರಿಸುವ ಕಂಪನಿಯೊಂದು, ಆಗಷ್ಟೇ ಬಳಕೆಗೆ ಬಂದಿದ್ದ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ ಯೋಜನೆ) ಕಾರ್ಡು ತನ್ನ ಪರ್ಸಿನಲ್ಲಿ ಸಲೀಸಾಗಿ ಕೂರುತ್ತದೆ ಎಂದು ತೋರಿಸಲು ಒಳಗೊಂದು ಮಾದರಿ ಕಾರ್ಡು ಇಟ್ಟು ಮಾರಿತು. ಅಸಲಿಯ ಅರ್ಧದಷ್ಟೇ ಗಾತ್ರ, ಕೆಂಪು ಅಚ್ಚು, ಅಡ್ಡಕ್ಕೆ ‘ಮಾದರಿ’ ಎಂಬ ದಪ್ಪಕ್ಷರ. ನಂಬರು ಮಾತ್ರ ಅಸಲಿಯದೇ, ಕಂಪನಿಯ ಅಧಿಕಾರಿಯೊಬ್ಬರ ಸೆಕ್ರೆಟರಿಯದು. ಪರ್ಸ್ ಕೊಂಡ ಎಷ್ಟೋ ಜನ ಅದನ್ನೇ ತಮ್ಮ ನಂಬರೆಂದು ಬರೆಸಿಬಿಟ್ಟರು. 1943ರ ಒಂದೇ ವರ್ಷ ಅದನ್ನು ಬಳಸುತ್ತಿದ್ದವರು 5,755 ಜನ; ಒಟ್ಟು ಲೆಕ್ಕ 40,000 ದಾಟಿತು. ಸರ್ಕಾರ ಆ ನಂಬರನ್ನೇ ರದ್ದು ಮಾಡಿ ಆ ಸೆಕ್ರೆಟರಿಗೆ ಬೇರೆಯದನ್ನು ಕೊಟ್ಟಿತು. ಆದರೂ 1977ರಲ್ಲಿ ಇನ್ನೂ 12 ಜನ ಹಳೆಯದನ್ನೇ ಹಿಡಿದುಕೊಂಡಿದ್ದರು.

ಇವರು ಮೋಸ ಮಾಡಲು ಹೊರಟವರಲ್ಲ. ನಂಬರು ಹೇಳಿದವನೇ ನಂಬರಿನ ಒಡೆಯ ಎಂದು ಎದುರಿಗಿದ್ದವರು ಒಪ್ಪಿಕೊಂಡರು, ಅಷ್ಟೇ. ಗುರುತು ಕಳವು ಎಂಬ ಅಪರಾಧ ಇವತ್ತಿಗೂ ನಿಂತಿರುವುದು ಈ ಒಪ್ಪಿಗೆಯ ಮೇಲೆಯೇ.

ಈ ನಂಬರು ಹುಟ್ಟಿದ್ದು ಪಿಂಚಣಿ ಲೆಕ್ಕಕ್ಕಾಗಿ. 1936ರ ನವೆಂಬರ್‌ನಲ್ಲಿ ವಿತರಣೆ ಶುರುವಾದಾಗ, ಯಾರ ದುಡಿಮೆ ಎಷ್ಟೆಂದು ಬರೆದಿಡುವುದಷ್ಟೇ ಅದರ ಕೆಲಸ. 1943ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶ ಉಳಿದ ಸರ್ಕಾರಿ ಇಲಾಖೆಗಳಿಗೂ ಅದರ ಬಾಗಿಲು ತೆರೆಯಿತು. 1946ರಿಂದ ಕಾರ್ಡಿನ ಮೇಲೆ ‘ಗುರುತಿನ ಚೀಟಿಯಾಗಿ ಬಳಸುವಂತಿಲ್ಲ’ ಎಂಬರ್ಥದ ಸಾಲು ಮುದ್ರಿಸುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ತೆರಿಗೆ ಇಲಾಖೆ, ಸೇನೆ, ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲವೂ ಅದೇ ನಂಬರು ಕೇಳತೊಡಗಿದವು. 1972ರಲ್ಲಿ ಆ ಸಾಲನ್ನೇ ತೆಗೆದುಹಾಕಿದರು.

ಒಂದೇ ಹೆಸರಿನ ಸಾವಿರ ಜನರನ್ನು ಬೇರೆಬೇರೆ ಮಾಡಲು ನಂಬರು ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಎಡವಟ್ಟಾಗಿದ್ದು ಫೋನಿನಲ್ಲಿ ವ್ಯವಹಾರ ಶುರುವಾದಾಗ. ‘ನೀವು ಯಾರು’ ಎಂಬ ಪ್ರಶ್ನೆಗೆ ಉತ್ತರವಾಗಿದ್ದ ನಂಬರೇ ‘ನೀವೇ ಅಂತ ನಂಬುವುದು ಹೇಗೆ’ ಎಂಬುದಕ್ಕೂ ಉತ್ತರವಾಯಿತು. ಹತ್ತು ಕಚೇರಿಗೆ ಬರೆದುಕೊಟ್ಟ ನಂಬರು ಗುಟ್ಟಾಗಿ ಉಳಿಯುವುದಾದರೂ ಹೇಗೆ? ನಂಬರಿನ ರಚನೆಯೇ ಅಷ್ಟು ಬಿಗಿಯಾಗಿರಲಿಲ್ಲ. ಒಂಬತ್ತು ಅಂಕಿಗಳಲ್ಲಿ ಮೊದಲ ಮೂರು ಪ್ರದೇಶದ್ದು, ನಡುವಿನ ಎರಡು ಗುಂಪಿನದು, ಕೊನೆಯ ನಾಲ್ಕು ಅನುಕ್ರಮದ್ದು. 1980ರ ದಶಕದ ಕೊನೆಯಿಂದ ಮಗು ಹುಟ್ಟಿದಾಗಲೇ ನಂಬರು ಕೊಡುವ ಪದ್ಧತಿ ಬಂದಮೇಲೆ, ಹುಟ್ಟಿದ ದಿನ ಮತ್ತು ರಾಜ್ಯ ಗೊತ್ತಿದ್ದರೆ ಮೊದಲ ಐದಂಕಿ ಅಂದಾಜಿಗೆ ಸಿಗುವಂತಾಯಿತು. ಇದನ್ನು 2009ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಊಹೆಗೆ ಸುಲಭಕ್ಕೆ ಸಿಗದೆ ಉಳಿದಿದ್ದು ಕೊನೆಯ ನಾಲ್ಕಂಕಿ. ಕಾಲ್ ಸೆಂಟರಿನವರು ಬಾಯಿಬಿಟ್ಟು ಹೇಳಿ ಎನ್ನುತ್ತಿದ್ದುದು ಆ ನಾಲ್ಕನ್ನೇ! 2011ರ ಜೂನ್‌ನಿಂದ ನಂಬರುಗಳನ್ನು ಯಾದೃಚ್ಛಿಕವಾಗಿ ಹಂಚುತ್ತಿದ್ದಾರೆ, ಆದರೆ ಹಳೆಯವು ಹಳೆಯವೇ.

ಕಾನೂನು ಕಣ್ಣು ಬಿಟ್ಟಿದ್ದು ತಡವಾಗಿ. ಯಾರದೋ ಹೆಸರಿನಲ್ಲಿ ಇನ್ಯಾರೋ ಸಾಲ ಎತ್ತಿದರೆ ಮೋಸಹೋದದ್ದು ಬ್ಯಾಂಕು ಮಾತ್ರ ಎಂಬ ಲೆಕ್ಕಾಚಾರ ನಡೆದಿತ್ತು. ಹೆಸರು ಕಳೆದುಕೊಂಡವರು ಹೆಚ್ಚೆಂದರೆ ಸಾಕ್ಷಿ. 1998ರ ಅಕ್ಟೋಬರ್‌ನಲ್ಲಿ ಬಂದ ಕಾಯ್ದೆ ಇದನ್ನು ಪ್ರತ್ಯೇಕ ಅಪರಾಧವೆಂದು ಸಾರಿ, ದೂರು ಸ್ವೀಕರಿಸುವ ಹೊಣೆಯನ್ನು ಗ್ರಾಹಕರ ಹಿತ ಕಾಯುವ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ ವಹಿಸಿತು. 2003ರ ಕಾಯ್ದೆ ವರ್ಷಕ್ಕೊಮ್ಮೆ ಉಚಿತ ಕ್ರೆಡಿಟ್ ರಿಪೋರ್ಟ್ (ಒಬ್ಬರ ಸಾಲದ ಚರಿತ್ರೆಯ ವರದಿ) ಪಡೆಯುವ ಹಕ್ಕು ಕೊಟ್ಟಿತು. ಮಾಹಿತಿ ಸೋರಿದರೆ ಜನರಿಗೆ ತಿಳಿಸಲೇಬೇಕು ಎಂಬ ಕ್ಯಾಲಿಫೋರ್ನಿಯಾದ ನಿಯಮ ಜಾರಿಗೆ ಬಂದದ್ದೂ ಅದೇ ವರ್ಷ.

ಆಮೇಲಿನದು 2017ರ ಈಕ್ವಿಫ್ಯಾಕ್ಸ್ ಸೋರಿಕೆ. ಜನರ ಸಾಲದ ಚರಿತ್ರೆ ಬರೆದಿಡುವ ಕ್ರೆಡಿಟ್ ಬ್ಯೂರೋಗಳಲ್ಲಿ ಇದೂ ಒಂದು. ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರಿನ ದೋಷಕ್ಕೆ ಮಾರ್ಚ್‌ನಲ್ಲೇ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಬಂದಿತ್ತು. ದೂರು ದಾಖಲಿಸುವ ಒಂದು ಪೋರ್ಟಲ್‌ಗೆ ಅದನ್ನು ಹಾಕಿರಲಿಲ್ಲ. ಮೇ ತಿಂಗಳಲ್ಲಿ ಒಳಹೊಕ್ಕವರು ಜುಲೈ ಕೊನೆಯವರೆಗೂ ಇದ್ದರು. ಒಳಹೊರಗೆ ಓಡಾಡುವ ಮಾಹಿತಿಯನ್ನು ತಪಾಸಣೆ ಮಾಡಬೇಕಿದ್ದ ಸಾಧನದ ಸರ್ಟಿಫಿಕೇಟ್ ಅವಧಿ ಎಂದೋ ಮುಗಿದಿತ್ತು, ಹಾಗಾಗಿ ಅದು ಕುರುಡಾಗಿತ್ತು. ಸುಮಾರು 14.7 ಕೋಟಿ ಜನರ ವಿವರ ಹೊರಬಿತ್ತು. ಇಷ್ಟಾದಮೇಲೆ ‘ನಿಮ್ಮ ನಂಬರನ್ನು ಜೋಪಾನವಾಗಿಡಿ’ ಎಂಬ ಬುದ್ಧಿಮಾತಿನಲ್ಲಿ ಹುರುಳಿಲ್ಲ. ಅದು ಆಗಲೇ ಕಳ್ಳರ ಕೈಯಲ್ಲಿದೆ ಎಂದುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಆ ಹೆಜ್ಜೆಯ ಹೆಸರು ಕ್ರೆಡಿಟ್ ಫ್ರೀಜ್. ಸಾಲದ ಅರ್ಜಿ ಬಂದೊಡನೆ ಬ್ಯಾಂಕು ಬ್ಯೂರೋದಿಂದ ರಿಪೋರ್ಟ್ ತರಿಸಿಕೊಳ್ಳುತ್ತದೆ. ಫ್ರೀಜ್ ಇದ್ದರೆ ರಿಪೋರ್ಟ್ ಸಿಗುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ಕಳ್ಳನ ಬಳಿ ನಂಬರು, ವಿಳಾಸ, ಹುಟ್ಟಿದ ದಿನ ಎಲ್ಲವೂ ಇದ್ದರೂ ಅಷ್ಟೇ. 2018ರ ಸೆಪ್ಟೆಂಬರ್‌ನಿಂದ ಇದು ಅಮೆರಿಕದಾದ್ಯಂತ ಉಚಿತ. ಆನ್‌ಲೈನ್ ಅಥವಾ ಫೋನಿನಲ್ಲಿ ಕೇಳಿದರೆ ಒಂದು ಕೆಲಸದ ದಿನದೊಳಗೆ ಹಾಕಬೇಕು, ತೆಗೆ ಎಂದರೆ ಒಂದು ಗಂಟೆಯೊಳಗೆ ತೆಗೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿ: ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಪ್ರತ್ಯೇಕವಾಗಿ ಫ್ರೀಜ್ ಮಾಡಬೇಕು. ಫ್ರಾಡ್ ಅಲರ್ಟ್ (ಸಾಲ ಕೊಡುವ ಮೊದಲು ಗುರುತು ಖಚಿತಪಡಿಸಿಕೊಳ್ಳಿ ಎಂಬ ಎಚ್ಚರಿಕೆ) ಆದರೆ ಒಂದಕ್ಕೆ ಹೇಳಿದರೆ ಸಾಕು, ಅದೇ ಉಳಿದೆರಡಕ್ಕೆ ದಾಟಿಸುತ್ತದೆ, ಫ್ರೀಜ್ ಹಾಗಲ್ಲ. ಹದಿನಾರರೊಳಗಿನ ಮಕ್ಕಳ ಹೆಸರಿನಲ್ಲೂ ಪೋಷಕರು ಮಾಡಿಸಬಹುದು. ಸಾಲದ ಚರಿತ್ರೆಯೇ ಇಲ್ಲದ ಮಗುವಿನ ನಂಬರಿಗೆ ಕಟ್ಟುಕತೆಯ ಹೆಸರು ಜೋಡಿಸುವ ದಂಧೆ ಇರುವುದರಿಂದ ಇದು ಅತಿಯಾದ ಎಚ್ಚರವೇನಲ್ಲ.

ಫ್ರೀಜ್ ಎಲ್ಲದಕ್ಕೂ ಮದ್ದಲ್ಲ. ಈಗಾಗಲೇ ಇರುವ ಖಾತೆಯ ದುರ್ಬಳಕೆಯನ್ನು, ಕದ್ದ ಹೆಸರಿನಲ್ಲಿ ತೆರಿಗೆ ರೀಫಂಡ್ ಹೊಡೆಯುವುದನ್ನು ಅದು ತಡೆಯದು. 2015ರಲ್ಲಿ ಅಮೆರಿಕದ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಹಳೆಯ ವಿಳಾಸ, ಹಳೆಯ ಸಾಲದ ಬಗೆಗಿನ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟೇ ಕಳ್ಳರು ಲಕ್ಷಗಟ್ಟಲೆ ಜನರ ದಾಖಲೆ ಇಳಿಸಿಕೊಂಡರು. ಕದ್ದ ಮಾಹಿತಿಯಲ್ಲೇ ಉತ್ತರಗಳಿದ್ದವು. ಈಗ ಅಲ್ಲಿ ತೆರಿಗೆ ವಿವರ ಸಲ್ಲಿಸುವಾಗ ಕೊಡಬೇಕಾದ, ಪ್ರತಿ ವರ್ಷ ಬದಲಾಗುವ ಆರಂಕಿಯ ಪಿನ್ ಪಡೆಯಬಹುದು. ಒಮ್ಮೆ ಸೋರಿದರೂ ಬದಲಾಯಿಸಬಹುದು ಎಂಬುದೇ ಅದರ ಬಲ. ಹುಟ್ಟಿದ ದಿನಕ್ಕೆ ಆ ಅನುಕೂಲವಿಲ್ಲ.

ಮುಖ್ಯ ಬೀಗ ಇಮೇಲ್. ಅದು ಕಳ್ಳನ ವಶವಾದರೆ ಉಳಿದೆಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿದೆ’ ಲಿಂಕ್ ಅವನಿಗೇ ಹೋಗುತ್ತದೆ. ಅದಕ್ಕೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ, ಎರಡನೇ ಹಂತಕ್ಕೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ (ಫೋನಿನಲ್ಲೇ ಕೋಡ್ ಹುಟ್ಟಿಸುವ ಆ್ಯಪ್) ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಸಾಧನದಲ್ಲೇ ಇರುವ ಡಿಜಿಟಲ್ ಕೀಲಿ) ಇರಲಿ. ಯಾರೋ ನಿಮ್ಮ ಹೆಸರು ಹೇಳಿ ಬದಲಿ ಸಿಮ್ ಪಡೆದರೆ ಎಸ್‌ಎಂಎಸ್ ಒಟಿಪಿಗಳೆಲ್ಲ ಆ ಸಿಮ್‌ಗೇ ಬರುತ್ತವೆ. ಫೋನಿಗೆ ಕಾರಣವಿಲ್ಲದೆ ನೆಟ್‌ವರ್ಕ್ ಹೋಗಿ ಮತ್ತೆ ಬಾರದಿದ್ದರೆ ಬೇರೊಂದು ಫೋನಿನಿಂದ ತಕ್ಷಣ ಮೊಬೈಲ್ ಕಂಪನಿಗೆ ಕರೆ ಮಾಡಿ.

ಕಳವು ಆಗಿಯೇಹೋಗಿದ್ದರೆ ಮೊದಲು ಬೇರೊಂದು ನಂಬಿಕಸ್ಥ ಸಾಧನದಿಂದ ಇಮೇಲನ್ನು ವಾಪಸ್ ಹಿಡಿಯಿರಿ. ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಾಗುವುದು ದೊಡ್ಡ ತಪ್ಪು. ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್ ನೋಡಿ: ಬ್ಯಾಂಕಿನ ಪತ್ರಗಳನ್ನು ಬೇರೆ ವಿಳಾಸಕ್ಕೆ ಕಳಿಸಿ, ಇಲ್ಲಿ ಅಳಿಸಿಹಾಕುವ ಒಂದೇ ಒಂದು ಸಾಲಿನ ನಿಯಮ ಅಲ್ಲಿ ಅಡಗಿ ಕೂತಿರಬಹುದು. ಆಮೇಲೆ ಬ್ಯಾಂಕು, ಫ್ರೀಜ್, ಅಧಿಕೃತ ದೂರು. ಅಮೆರಿಕದಲ್ಲಿ ಐಡೆಂಟಿಟಿಥೆಫ್ಟ್ ಡಾಟ್ ಗವ್ ಎಂಬ ತಾಣದಲ್ಲಿ ದೂರಿನ ವರದಿ ಸಿಗುತ್ತದೆ. ಆ ವರದಿ, ಗುರುತಿನ ಪುರಾವೆ, ಯಾವ ನಮೂದು ಸುಳ್ಳು ಎಂಬ ಹೇಳಿಕೆ ಈ ಮೂರನ್ನೂ ಕೊಟ್ಟರೆ ಬ್ಯೂರೋ ನಾಲ್ಕು ಕೆಲಸದ ದಿನಗಳಲ್ಲಿ ಸುಳ್ಳು ನಮೂದನ್ನು ತಡೆಹಿಡಿಯಬೇಕು. ಸಾಲ ಕೊಟ್ಟ ಸಂಸ್ಥೆಯನ್ನು ಬರವಣಿಗೆಯಲ್ಲಿ ಕೇಳಿದರೆ ಕಳ್ಳ ತುಂಬಿಕೊಟ್ಟ ಅರ್ಜಿಯ ಪ್ರತಿಯನ್ನು 30 ದಿನದೊಳಗೆ ಕೊಡಬೇಕು. ಅದರಲ್ಲಿರುವ ವಿಳಾಸ, ಫೋನ್ ನಂಬರು ಪೊಲೀಸರಿಗೆ ಉಪಯೋಗವಾಗುತ್ತದೆ.

ಕಿರಿಕಿರಿ ತಪ್ಪಲಿ ಎಂದು ಸುಳ್ಳು ಸಾಲದ ಒಂದು ಕಂತನ್ನೂ ಕಟ್ಟಬೇಡಿ, ಕಟ್ಟಿದರೆ ಸಾಲ ನಿಮ್ಮದೇ ಎಂದು ವಾದಿಸಲು ಸಾಲ ಕೊಟ್ಟವರಿಗೆ ಆಧಾರ ಸಿಗುತ್ತದೆ. ಫೋನಿನಲ್ಲಿ ‘ಸರಿಪಡಿಸಿದ್ದೇವೆ’ ಎಂದವರ ಹೆಸರು, ದಿನಾಂಕ ಬರೆದಿಟ್ಟುಕೊಂಡು, ಖಾತೆ ಮುಚ್ಚಿದೆ ಮತ್ತು ಬಾಕಿಗೆ ನೀವು ಹೊಣೆಯಲ್ಲ ಎಂಬ ಪತ್ರ ತರಿಸಿಕೊಳ್ಳಿ. ನಿಮ್ಮ ದೂರು ತಲುಪುವ ಮೊದಲೇ ಸಾಲವನ್ನು ವಸೂಲಿ ಏಜೆನ್ಸಿಗೆ ಮಾರಿರುವುದುಂಟು. ಎರಡು-ಮೂರು ವರ್ಷ ಕಳೆದು, ಕೇಳರಿಯದ ಕಂಪನಿಯಿಂದ ಅದೇ ಬಾಕಿಗೆ ನೋಟಿಸು ಬಂದಾಗ ಕಳಿಸಬೇಕಾದದ್ದು ಆ ಪತ್ರದ ಪ್ರತಿಯನ್ನು. ಮೂಲ ನಿಮ್ಮಲ್ಲೇ ಇರಲಿ.