ಓವನ್‌ನ ಬೆನ್ನಿಗೂ ಜಾಗ ಬೇಕು

ಕ್ಯಾಬಿನೆಟ್‌ನೊಳಗೆ ಕೂರಿಸುವ ಓವನ್ ಕೊಂಡವರು ಮೊದಲು ಅಳೆಯುವುದು ಅದರ ಮುಖವನ್ನು. 60 ಸೆಂಟಿಮೀಟರ್ ವರ್ಗದ ಓವನ್‌ನ ಮುಖ ಸಾಮಾನ್ಯವಾಗಿ ಸುಮಾರು 595 ಮಿಲಿಮೀಟರ್ ಅಗಲವಿದ್ದರೂ, ಗೂಡಿನೊಳಗೆ ಹೋಗುವ ಪೆಟ್ಟಿಗೆ ಅದಕ್ಕಿಂತ ಕಿರಿದು. 600 ಮಿಲಿಮೀಟರ್ ಅಗಲದ ಕ್ಯಾಬಿನೆಟ್‌ಗೆ 18 ಮಿಲಿಮೀಟರ್ ದಪ್ಪದ ಎರಡು ಪಕ್ಕದ ಹಲಗೆಗಳನ್ನು ಹಾಕಿದ ಮೇಲೆ ಒಳಗೆ ಉಳಿಯುವ 564 ಮಿಲಿಮೀಟರ್ ಅದಕ್ಕೆ ಸಾಕು. ಮುಖದ ಅಂಚು ಆ ಹಲಗೆಗಳ ಮೇಲೆ ಕೂರಬೇಕು. ಸ್ಕ್ರೂ ಹಿಡಿಯುವುದೂ ಅಲ್ಲಿಯೇ.

ನಾನು ಕಂಡ ಹೆಚ್ಚಿನ ತೊಂದರೆಗಳು ಹುಟ್ಟಿದ್ದು ಮುಂದೆ ಅಲ್ಲ, ಹಿಂದೆ. ಒಂದು ಮನೆಯಲ್ಲಿ ಓವನ್ ಎರಡು ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು. ಅದನ್ನು ಮರೆಮಾಡಲು ಸುತ್ತಲೂ ಮರದ ಪಟ್ಟಿ ಹೊಡೆಯುವ ಮಾತು ಆಗಲೇ ನಡೆದಿತ್ತು. ಓವನ್ ಎಳೆದು ನೋಡಿದರೆ ಪ್ಲಗ್ ಪಾಯಿಂಟ್ ಸರಿಯಾಗಿ ಅದರ ಬೆನ್ನಿಗೇ ಇತ್ತು, ಉಳಿದ ವೈರ್ ಸುರುಳಿಯಾಗಿ ನಡುವೆ ಸಿಕ್ಕಿಕೊಂಡಿತ್ತು. ಪಾಯಿಂಟನ್ನು ಪಕ್ಕದ ಕ್ಯಾಬಿನೆಟ್‌ಗೆ ಸರಿಸಿ, ನಡುವಿನ ಹಲಗೆಯಲ್ಲಿ ವೈರ್ ಹಾಯುವಷ್ಟು ತೂತು ಕೊರೆದಾಗ ಓವನ್ ತನ್ನ ಜಾಗದಲ್ಲಿ ಕೂತಿತು. ಪಕ್ಕದಲ್ಲಿದ್ದರೆ ದುರಸ್ತಿಯ ಸಮಯದಲ್ಲಿ ಓವನ್ ಹೊರಗೆಳೆಯದೆಯೇ ಪ್ಲಗ್ ಕೀಳಬಹುದು ಎಂಬ ಅನುಕೂಲವೂ ಇದೆ. 3,500 ವ್ಯಾಟ್‌ನ ಓವನ್ 230 ವೋಲ್ಟ್‌ನಲ್ಲಿ 15 ಆಂಪಿಯರ್‌ಗೂ ತುಸು ಹೆಚ್ಚು ಎಳೆಯುವುದರಿಂದ, ಮುಖ್ಯ ಬೋರ್ಡಿನಿಂದ ಅದಕ್ಕೆಂದೇ ಬೇರೆ ಲೈನ್ ತರಬೇಕು, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಪರೀಕ್ಷಿಸಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಕೂಡದು.

ಬೆನ್ನಿನ ಜಾಗ ಗಾಳಿಗೂ ಬೇಕು. ಓವನ್‌ನೊಳಗಿನ ಕೂಲಿಂಗ್ ಫ್ಯಾನ್ ತಣ್ಣನೆಯ ಗಾಳಿಯನ್ನು ಎಳೆದುಕೊಂಡು, ಬಿಸಿಯಾದದ್ದನ್ನು ಬಾಗಿಲಿನ ಮೇಲ್ಭಾಗದ ಸೀಳಿನಿಂದ ಹೊರಗೆ ದಬ್ಬುತ್ತದೆ. (ಆಫ್ ಮಾಡಿದ ಮೇಲೂ ಫ್ಯಾನ್ ನಿಲ್ಲುತ್ತಿಲ್ಲವೆಂದು ಗಾಬರಿಯಿಂದ ಕರೆ ಮಾಡುವವರಿದ್ದಾರೆ, ಅದು ದೋಷವಲ್ಲ.) ಗೂಡಿನ ಹಿಂಬದಿಯ ಹಲಗೆಯನ್ನು ಹಾಗೆಯೇ ಬಿಟ್ಟರೆ ಕಾದ ಗಾಳಿಯೇ ಒಳಗೆ ಸುತ್ತುತ್ತದೆ, ದಿನ ಕಳೆದಂತೆ ಪಕ್ಕದ ಬಾಗಿಲುಗಳ ಅಂಚಿಗೆ ಅಂಟಿಸಿದ ತೆಳು ಪಟ್ಟಿಯ, ಅಂದರೆ ಎಡ್ಜ್ ಬ್ಯಾಂಡ್‌ನ ಅಂಟು ಸಡಿಲಗೊಂಡು ಪಟ್ಟಿ ಏಳುತ್ತದೆ. ಆದ್ದರಿಂದ ನಾನು ಹಿಂಬದಿಯ ಹಲಗೆಯನ್ನು ತೆಗೆಸುತ್ತೇನೆ, ಓವನ್ ಕೂರುವ ಹಲಗೆಯ ಹಿಂದೆ ಗೋಡೆಯವರೆಗೆ ನಾಲ್ಕೈದು ಸೆಂಟಿಮೀಟರ್ ತೆರಪು ಬಿಡಿಸುತ್ತೇನೆ, ಕೆಳಗಿನಿಂದ ಗಾಳಿ ಬರಲು ದಾರಿ ಮಾಡಿಸುತ್ತೇನೆ. ತಯಾರಕರ ನಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಕೇಳಿದ್ದರೆ ನಕ್ಷೆಯ ಮಾತೇ ಕೊನೆ.

ಕೂರಿಸುವ ಕೆಲಸಕ್ಕೆ ಇಬ್ಬರು ಬೇಕು. ಬಾಗಿಲಿನ ಹಿಡಿಯನ್ನು ಹಿಡಿದು ಎತ್ತಲೇಬಾರದು. ಹಲಗೆ ಮಟ್ಟವಾಗಿದೆಯೇ ಎಂದು ಮಟ್ಟಗೋಲಿಟ್ಟು ನೋಡದಿದ್ದರೆ, ಕೇಕ್‌ನ ಹಿಟ್ಟು ಒಂದೇ ಬದಿಗೆ ವಾಲಿ ಬೇಯುತ್ತದೆ. ಪಾರ್ಟಿಕಲ್ ಬೋರ್ಡ್ ಆದರೆ ಮೊದಲು ಸಣ್ಣ ತೂತು ಕೊರೆದುಕೊಂಡೇ ಸ್ಕ್ರೂ ತಿರುಗಿಸಬೇಕು, ಇಲ್ಲವಾದರೆ ಹಲಗೆಯ ಅಂಚು ಬಿರಿಯುತ್ತದೆ. ಓವನ್ ಭಾರವಿದೆ, ತಾನೇ ನಿಲ್ಲುತ್ತದೆಂದು ಸ್ಕ್ರೂ ಬಿಡುವವರೂ ಉಂಟು; ತೆರೆದ ಬಾಗಿಲಿನ ಮೇಲೆ ತುಂಬಿದ ಟ್ರೇ ಇಟ್ಟಾಗ ಅಂಥ ಓವನ್ ಮುಂದಕ್ಕೆ ವಾಲಬಹುದು.

ಕೊನೆಯಲ್ಲಿ ಕಿಟಕಿಗಳನ್ನು ತೆರೆದಿಟ್ಟು, ಖಾಲಿ ಓವನ್ ಅನ್ನು ಒಂದು ಗಂಟೆ ಜೋರಾಗಿ ಕಾಯಿಸಿ, ಕಾರ್ಖಾನೆಯ ವಾಸನೆ ಹೋಗಲು ಬಿಡುತ್ತೇನೆ. ಆ ಹೊತ್ತಿನಲ್ಲಿ ಪಕ್ಕದ ಡ್ರಾಯರ್ ಎಳೆದು ನಡುವಿನ ಹಲಗೆಯ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಓವನ್ ಆರಿದ ಮೇಲೆ ಮತ್ತೆ ಹೊರಗೆ ತೆಗೆಯುತ್ತೇನೆ.