ಧ್ರುವಪ್ರಭೆ ಹುಟ್ಟಿಸುವ ಅನಿಲ

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಅದು ಧ್ರುವಪ್ರಭೆ, ಅಂದರೆ ಬಾಹ್ಯಾಕಾಶದಿಂದ ನುಗ್ಗುವ ಕಣಗಳು ಮೇಲಿನ ಗಾಳಿಗೆ ಬಡಿದಾಗ ಮೂಡುವ ಬೆಳಕು. ಆ ಫೋಟೊಗಳು ರಾಯಚೂರಿನ ವಾಟ್ಸಾಪ್ ಗುಂಪುಗಳಿಗೂ ಬಂದವು. ನಮ್ಮೂರಲ್ಲೂ ಕಾಣುತ್ತಾ ಅಂತ ಜನ ಕೇಳಿದರು. ಹಾನ್ಲೆ ಸುಮಾರು 33 ಡಿಗ್ರಿ ಉತ್ತರದಲ್ಲಿದೆ, ನಾವು 16ರಲ್ಲಿದ್ದೇವೆ. ಇಲ್ಲಿ ಕಾಣಲಿಲ್ಲ. ಆದರೆ ಬಣ್ಣದ ಮಾತಿನ ನಡುವೆ ಒಂದು ದೊಡ್ಡ ವಿಷಯ ಬಿಟ್ಟುಹೋಯಿತು. ಧ್ರುವಪ್ರಭೆ ಒಂದು ಅನಿಲವನ್ನೂ ಹುಟ್ಟಿಸುತ್ತದೆ. ನಮ್ಮ ಶಕ್ತಿನಗರದ ಆರ್‌ಟಿಪಿಎಸ್ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳಿಂದ ಬರುವ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡೇ ಅದು.

ಬಣ್ಣದ ಗುಟ್ಟು ಮೊದಲು ಬಯಲಾಯಿತು. ಸ್ವೀಡನ್ನಿನ ಆಂಗ್‌ಸ್ಟ್ರಾಮ್ 1860ರ ದಶಕದಲ್ಲೇ ಧ್ರುವಪ್ರಭೆಯ ಹಸಿರು ಬೆಳಕನ್ನು ಅಳೆದಿದ್ದರು. ಅದು ಯಾವುದರ ಬೆಳಕು ಅನ್ನೋದು ತಿಳಿಯಲು 1925 ಬರಬೇಕಾಯಿತು. ಅದು ಒಂಟಿ ಆಮ್ಲಜನಕ ಪರಮಾಣುವಿನದು ಎಂದು ಟೊರಾಂಟೊದ ಮೆಕ್ಲೆನನ್ ಮತ್ತು ಶ್ರಮ್ ಪ್ರಯೋಗಾಲಯದಲ್ಲಿ ತೋರಿಸಿದರು. ನಾವು ಉಸಿರಾಡುವ ಆಮ್ಲಜನಕ ಜೋಡಿಯಾಗಿರುತ್ತದೆ. ಮೇಲೆ ಅದು ಒಡೆದು ಒಂಟಿಯಾಗಿದೆ ಅಂದರೆ, ಅಲ್ಲಿನ ರಸಾಯನವೇ ಬೇರೆ ಅಂತಾಯಿತು.

ಸಾರಜನಕದ ಜೋಡಿ ಇನ್ನೂ ಗಟ್ಟಿ. ಸುಲಭಕ್ಕೆ ಒಡೆಯುವುದಿಲ್ಲ. ಭೂಮಿಯ ಕಾಂತಕ್ಷೇತ್ರದ ಗುಂಟ ಧ್ರುವದ ಕಡೆ ನುಗ್ಗುವ ಎಲೆಕ್ಟ್ರಾನ್‌ಗಳು ಅದನ್ನೂ ಒಡೆಯುತ್ತವೆ. ಒಡೆದ ಪರಮಾಣುಗಳಲ್ಲಿ ಹಲವು ಹೆಚ್ಚಿನ ಶಕ್ತಿ ಹೊತ್ತಿರುತ್ತವೆ. ಅವು ಆಮ್ಲಜನಕಕ್ಕೆ ತಾಗಿದ ಕೂಡಲೇ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅಮೆರಿಕದ ಚಾರ್ಲ್ಸ್ ಬಾರ್ತ್ 1960ರ ದಶಕದ ಆರಂಭದಲ್ಲಿ ರಾಕೆಟ್ ಹಾರಿಸಿ, ಅತಿನೇರಳೆ ಬೆಳಕಿನಲ್ಲಿ ಈ ಅನಿಲದ ಗುರುತು ಹಿಡಿದರು. ಅವರೇ ಮುಂದಾಳಾಗಿ, ಕೊಲೊರಾಡೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಸ್ನೋ ಎಂಬ ಪುಟ್ಟ ಉಪಗ್ರಹ 1998ರಲ್ಲಿ ಹಾರಿತು. ಸುಮಾರು 110 ಕಿ.ಮೀ. ಎತ್ತರದಲ್ಲಿ, ಧ್ರುವಪ್ರಭೆಯ ಪಟ್ಟಿಯಲ್ಲೇ ಈ ಅನಿಲ ಜಾಸ್ತಿ ಎಂದು ಅದು ತೋರಿಸಿತು. ವಿದ್ಯಾರ್ಥಿಗಳ ಕೈಯಿಂದ ಇಂಥ ಕೆಲಸ ಆಯಿತು ಅನ್ನೋದು ನನಗೆ ಬಹಳ ಇಷ್ಟ.

ಇದರಿಂದ ಏನಾಗುತ್ತದೆ? 1970ರಲ್ಲಿ ವಿಜ್ಞಾನಿ ಪಾಲ್ ಕ್ರುಟ್ಸನ್ ಒಂದು ದಾರಿ ತೋರಿಸಿದರು. ನೈಟ್ರಿಕ್ ಆಕ್ಸೈಡ್, ಸೂರ್ಯನ ಅತಿನೇರಳೆ ಕಿರಣ ತಡೆಯುವ ಓಝೋನ್‌ನಿಂದ ಒಂದು ಆಮ್ಲಜನಕ ಕಿತ್ತುಕೊಂಡು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಅದು ಇನ್ನೊಂದು ಒಂಟಿ ಆಮ್ಲಜನಕಕ್ಕೆ ಸಿಕ್ಕಾಗ ಮತ್ತೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ತಾನು ಖರ್ಚಾಗದೆ ಓಝೋನ್ ಕಡಿಯುತ್ತಲೇ ಹೋಗುತ್ತದೆ. ಕ್ರುಟ್ಸನ್ 1995ರಲ್ಲಿ ಮೊಲಿನಾ ಮತ್ತು ರೋಲೆಂಡ್ ಜೊತೆ ನೊಬೆಲ್ ಪಡೆದರು.

ಆದರೆ ಓಝೋನ್ ಜಾಸ್ತಿ ಇರುವುದು 20–30 ಕಿ.ಮೀ. ಎತ್ತರದಲ್ಲಿ, ಧ್ರುವಪ್ರಭೆ ನೂರರ ಮೇಲೆ. ನಡುವಿನ ದಾರಿ ಬಿಸಿಲಿದ್ದರೆ ಮುಚ್ಚಿರುತ್ತದೆ. ಸೂರ್ಯನ ಬೆಳಕು ಈ ಅನಿಲವನ್ನು ಒಡೆದುಹಾಕುತ್ತದೆ. ಧ್ರುವದ ಚಳಿಗಾಲದಲ್ಲಿ ಮಾತ್ರ ಅದಕ್ಕೆ ತಿಂಗಳುಗಟ್ಟಲೆ ಕತ್ತಲು ಸಿಗುತ್ತದೆ. ಆಗ ಅಲ್ಲಿನ ಗಾಳಿ ನಿಧಾನವಾಗಿ ಕೆಳಗಿಳಿಯುತ್ತದೆ, ಅನಿಲವೂ ಅದರ ಜೊತೆ ಬರುತ್ತದೆ. 2003ರ ಅಕ್ಟೋಬರ್–ನವೆಂಬರ್‌ನಲ್ಲಿ ಭಾರೀ ಸೌರ ಬಿರುಗಾಳಿಗಳು, ಅಂದರೆ ಸೂರ್ಯನ ಸ್ಫೋಟಗಳಿಂದ ನುಗ್ಗುವ ಕಣಗಳ ಅಲೆಗಳು, ಬಂದವು. ಮುಂದಿನ ಚಳಿಗಾಲದಲ್ಲಿ ಧ್ರುವದ ಸುತ್ತ ಸುತ್ತುವ ಗಾಳಿಯೂ ಬಲವಾಗಿತ್ತು. 2004ರ ವಸಂತದಲ್ಲಿ ಉತ್ತರ ಧ್ರುವದ ಕಡೆ, ಸುಮಾರು 40 ಕಿ.ಮೀ. ಎತ್ತರದಲ್ಲಿ ಓಝೋನ್ ಶೇ. 60ರವರೆಗೆ ಇಳಿದಿದ್ದನ್ನು ಉಪಗ್ರಹಗಳು ಕಂಡವು.

ಇದನ್ನು ಹಿಡಿದು ಓಝೋನ್ ರಂಧ್ರಕ್ಕೂ ಸೂರ್ಯನೇ ಕಾರಣ ಅನ್ನುವವರಿದ್ದಾರೆ. ಅದು ತಪ್ಪು. 40 ಕಿ.ಮೀ. ಮೇಲೆ ಇರುವ ಓಝೋನ್ ಒಟ್ಟು ಲೆಕ್ಕದಲ್ಲಿ ಸಣ್ಣ ಪಾಲು. ಅಂಟಾರ್ಕ್ಟಿಕಾದ ಮೇಲೆ 1985ರಲ್ಲಿ ವರದಿಯಾದ ರಂಧ್ರವನ್ನು ಮಾಡಿದ್ದು ಫ್ರಿಜ್ ಮತ್ತು ಸ್ಪ್ರೇಗಳಿಗೆ ನಾವು ತಯಾರಿಸಿದ ಸಿಎಫ್‌ಸಿ ಎಂಬ ರಾಸಾಯನಿಕಗಳು.

ಇದೇ ಅನಿಲ ಮೇಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸೌರ ಬಿರುಗಾಳಿಯಿಂದ ಮೇಲಿನ ವಾತಾವರಣ ಕಾದಾಗ, ನೈಟ್ರಿಕ್ ಆಕ್ಸೈಡ್ ಆ ಶಾಖವನ್ನು ಅವಕೆಂಪು ಕಿರಣವಾಗಿ ಹೊರಗೆ ಬಿಡುತ್ತದೆ. 2002ರ ಏಪ್ರಿಲ್‌ನ ಬಿರುಗಾಳಿಗಳಲ್ಲಿ ನಾಸಾದ ಸೇಬರ್ ಉಪಕರಣ ಇದನ್ನು ಅಳೆಯಿತು.

ಶಕ್ತಿನಗರದ ಹೊಗೆ ಅಷ್ಟು ಎತ್ತರ ಹೋಗುವುದಿಲ್ಲ. ಹಾಗಿದ್ದರೂ ರಾಯಚೂರಿನ ಮೇಲೆ 110 ಕಿ.ಮೀ. ಎತ್ತರದಲ್ಲಿ ಈ ಅನಿಲ ಇದ್ದೇ ಇದೆ. ನಮ್ಮಂಥ ಕಡೆ ಅದನ್ನು ಮುಖ್ಯವಾಗಿ ಹುಟ್ಟಿಸುವುದು ಸೂರ್ಯನ ಎಕ್ಸ್-ಕಿರಣ ಎಂಬುದನ್ನೂ ಸ್ನೋ ಉಪಗ್ರಹವೇ ಹೇಳಿತು. ನೆಲದ ಹತ್ತಿರ ಮಾತ್ರ ಲೆಕ್ಕ ತಿರುಗುತ್ತದೆ. ವಾಹನ, ಚಿಮಣಿಗಳ ಹೊಗೆಯ ಜೊತೆ ಸೇರಿ, ನಮ್ಮ ಬಿರುಬಿಸಿಲಿನಲ್ಲಿ ಈ ಅನಿಲ ಓಝೋನ್ ಹುಟ್ಟಲು ನೆರವಾಗುತ್ತದೆ. ಆ ಓಝೋನ್ ನಮ್ಮ ಶ್ವಾಸಕೋಶಕ್ಕೂ ಬೆಳೆಗೂ ಕೆಟ್ಟದ್ದು.