ಫ್ರಿಜ್ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮೊದಲು ಐಸ್ ನೋಡಿ

ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಒಂದೇ ದೂರು ಶುರುವಾಗುತ್ತದೆ: ಮೇಲೆ ಫ್ರೀಜರ್‌ನಲ್ಲಿ ಐಸ್ ಕಟ್ಟಿದೆ, ಕೆಳಗೆ ಹಾಲು ಒಡೆಯುತ್ತಿದೆ. ಅದಕ್ಕೆ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ, ‘ಗ್ಯಾಸ್ ಹೋಗಿದೆ, ತುಂಬಿಸಬೇಕು’. ಈ ಮಾತಿಗೆ ತಲೆಯಾಡಿಸುವ ಮೊದಲು ಸ್ವಲ್ಪ ತಡೆಯಿರಿ. ಫ್ರಿಜ್‌ನ ಗ್ಯಾಸ್ ಒಲೆಯ ಸಿಲಿಂಡರಿನಂತೆ ಉರಿದು ಮುಗಿಯುವುದಲ್ಲ, ಮುಚ್ಚಿದ ಕೊಳವೆಯೊಳಗೆ ವರ್ಷಾನುಗಟ್ಟಲೆ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿದೆಯೋ ಇಲ್ಲವೋ ಎಂಬುದನ್ನು ಒಳಗಿನ ಐಸೇ ಹೇಳುತ್ತದೆ.

ಮೊದಲು ಇಷ್ಟೊಂದು ಐಸ್ ಎಲ್ಲಿಂದ ಬರುತ್ತದೆ ನೋಡೋಣ. ಜಡಿಮಳೆಯ ದಿನ 25 ಡಿಗ್ರಿಯ ಒದ್ದೆ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು 22 ಗ್ರಾಂ ನೀರಿನ ಆವಿ ಇರುತ್ತದೆ. ಬೇಸಿಗೆಯ ಒಣ ಗಾಳಿಯಲ್ಲಿ ಇದರ ಅರ್ಧದಷ್ಟು ಮಾತ್ರ. 4 ಡಿಗ್ರಿಯ ಫ್ರಿಜ್‌ನೊಳಗಿನ ಗಾಳಿ ಹಿಡಿದುಕೊಳ್ಳಬಲ್ಲದ್ದು ಆರು ಗ್ರಾಂ ಚಿಲ್ಲರೆ. ಉಳಿದದ್ದೆಲ್ಲ ಕಾಯಿಲ್, ಅಂದರೆ ತಂಪು ಹುಟ್ಟಿಸುವ ಕೊಳವೆಯ ಮೇಲೆ ಐಸಾಗಿ ಕೂರುತ್ತದೆ. 250 ಲೀಟರಿನ ಫ್ರಿಜ್‌ನ ಬಾಗಿಲು ಒಮ್ಮೆ ತೆಗೆದಾಗ ಅರ್ಧ ಗಾಳಿ ಬದಲಾದರೂ 2 ಗ್ರಾಂ ನೀರು ಒಳಗೆ ಬಂತು. ದಿನಕ್ಕೆ 40 ಸಲ ತೆಗೆದರೆ 80 ಗ್ರಾಂ. ಬಿಸಿ ಸಾರಿನ ಪಾತ್ರೆ ಮುಚ್ಚಳವಿಲ್ಲದೆ ಒಳಗೆ ಹೋದರೆ, ನೆನೆಸಿಟ್ಟ ಕಳಲೆಯ ಬೋಗುಣಿಯನ್ನು ತೆರೆದೇ ಇಟ್ಟರೆ ಲೆಕ್ಕ ಇನ್ನೂ ಏರುತ್ತದೆ. ಮಲೆನಾಡಿನ ಫ್ರಿಜ್ ನಾಲ್ಕು ತಿಂಗಳು ಕಷ್ಟಪಡುವುದು ಸಹಜ. ಬಾಗಿಲ ಹೊರಮೈ ಬೆವರುವುದೂ ಈ ತೇವದಿಂದಲೇ, ಅದು ದೋಷವಲ್ಲ. ಒರೆಸಿಬಿಡಿ.

ಒಂಟಿ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್‌ನ ಉಪಚಾರ ಸುಲಭ. ಫ್ರೀಜರ್ ಗೋಡೆಯ ಐಸ್ ಅರ್ಧ ಸೆಂಟಿಮೀಟರ್ ದಪ್ಪವಾದ ಕೂಡಲೇ ಥರ್ಮೋಸ್ಟ್ಯಾಟ್ ನಡುವಿನ ಡಿಫ್ರಾಸ್ಟ್ ಗುಂಡಿ ಒತ್ತಿ. ಮಳೆಗಾಲದಲ್ಲಿ ಇದು ವಾರಕ್ಕೊಮ್ಮೆ ಬೇಕಾಗಬಹುದು. ಕಂಪ್ರೆಸರ್ ನಿಂತು, ಐಸ್ ಕರಗಿ, ಗುಂಡಿ ತಾನಾಗಿ ಹೊರಬರಬೇಕು. ಐಸೆಲ್ಲ ಕರಗಿದರೂ ಕಂಪ್ರೆಸರ್ ಶುರುವಾಗದಿದ್ದರೆ ಥರ್ಮೋಸ್ಟ್ಯಾಟ್ ಕೆಟ್ಟಿದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೀಳಲೇಬೇಡಿ. ಫ್ರೀಜರಿನ ಅಲ್ಯೂಮಿನಿಯಂ ಹಾಳೆಯೇ ಗ್ಯಾಸ್ ಹರಿಯುವ ಕೊಳವೆ. ಒಂದು ಸಣ್ಣ ತೂತಾದರೆ, ಇಲ್ಲದಿದ್ದ ‘ಗ್ಯಾಸ್ ಹೋಗಿದೆ’ ನಿಜವಾಗಿಬಿಡುತ್ತದೆ. ಬಿಸಿನೀರಿನ ಪಾತ್ರೆಯನ್ನು ಒಳಗೆ ಹಲಗೆಯ ಮೇಲಿಟ್ಟು ಬಾಗಿಲು ಮುಚ್ಚಿ, ಕಾಲು ಗಂಟೆಗೊಮ್ಮೆ ನೀರು ಬದಲಿಸಿ.

ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಬೇರೆಯೇ ಜಾತಿ. ಅದರ ಕಾಯಿಲ್ ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಒಳಗಿರುತ್ತದೆ. ಒಂದೇ ಫ್ಯಾನ್ ಆ ತಂಪನ್ನು ಫ್ರೀಜರಿಗೂ ಕೆಳಖಾನೆಗೂ ಊದುತ್ತದೆ. ಟೈಮರ್ ಇರುವ ಮಾದರಿಗಳಲ್ಲಿ ಸಾಮಾನ್ಯವಾಗಿ 6ರಿಂದ 12 ಗಂಟೆಗೊಮ್ಮೆ ಕಂಪ್ರೆಸರ್ ನಿಂತು, ಕಾಯಿಲ್ ಕೆಳಗಿನ ಹೀಟರ್ ಉರಿದು ಐಸ್ ಕರಗಿಸುತ್ತದೆ. ಹೊಸ ಮಾದರಿಗಳಲ್ಲಿ ಈ ಕೆಲಸ ಪಿಸಿಬಿ ಎಂಬ ಎಲೆಕ್ಟ್ರಾನಿಕ್ ಬೋರ್ಡ್ ಮತ್ತು ಸೆನ್ಸರ್‌ನದು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಐಸ್ ಕರಗದೆ ಬೆಳೆಯುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ. ಫ್ರೀಜರ್ ಇನ್ನೂ ತಣ್ಣಗಿದ್ದು ಕೆಳಗಿನ ಖಾನೆ ಬೆಚ್ಚಗಾಗುವುದು ಹೀಗೆ. ಕಂಪ್ರೆಸರ್ ಮಾತ್ರ ನಿಲ್ಲದೆ ಓಡುತ್ತಲೇ ಇರುತ್ತದೆ.

ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಸಾಮಾನೆಲ್ಲ ತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಕೆಳಗೆ ಗೋಣಿಚೀಲ ಹಾಸಿ. ಮಳೆಗಾಲದ ತಂಪಿನಲ್ಲಿ ಒಳಗಿನ ಐಸ್ ನಿಧಾನವಾಗಿ ಕರಗುತ್ತದೆ, ಏಳೆಂಟು ಗಂಟೆ ಸಾಲದು. ಮತ್ತೆ ಹಾಕಿದ ಮೇಲೆ ಚೆನ್ನಾಗಿ ತಣ್ಣಗಾಗಿ, ಒಂದು ವಾರದ ಆಸುಪಾಸಿನಲ್ಲಿ ಮತ್ತೆ ಅದೇ ಕಥೆಯಾದರೆ ದೋಷ ಡಿಫ್ರಾಸ್ಟ್‌ನಲ್ಲಿದೆ, ಗ್ಯಾಸ್‌ನಲ್ಲಿ ಅಲ್ಲ. ಮೊದಲ ದಿನವೇ ತಣ್ಣಗಾಗದಿದ್ದರೆ ಫ್ಯಾನ್, ಕಂಪ್ರೆಸರ್, ಗ್ಯಾಸ್ ಕಡೆ ಹುಡುಕಬೇಕು. ಫ್ಯಾನ್ ನೋಡಲು ಬಾಗಿಲು ತೆಗೆದು, ಅದರ ಸ್ವಿಚ್ ಬೆರಳಲ್ಲಿ ಒತ್ತಿ ಹಿಡಿದು ಕಿವಿಗೊಡಿ. ಹಲವು ಮಾದರಿಗಳಲ್ಲಿ ಬಾಗಿಲು ತೆಗೆದರೆ ಫ್ಯಾನ್ ನಿಲ್ಲುತ್ತದೆ.

ಕರಗಿಸುವ ಮೊದಲೇ ಪ್ಲಗ್ ಕಿತ್ತು ಫ್ರೀಜರಿನ ಹಿಂದಿನ ಹಲಗೆ ಬಿಚ್ಚಿ ನೋಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಕಾಯಿಲ್ ತುಂಬ ದಪ್ಪ ಬಿಳಿ ಐಸ್ ಮೆತ್ತಿಕೊಂಡಿದ್ದರೆ ಡಿಫ್ರಾಸ್ಟ್ ನಿಂತಿದೆ. ಮೊದಲ ಒಂದೆರಡು ಸುತ್ತಿನಲ್ಲಿ ಮಾತ್ರ ಐಸ್ ಇದ್ದು ಉಳಿದದ್ದು ಬರಿದಾಗಿದ್ದರೆ ಗ್ಯಾಸ್ ಕಡಿಮೆಯಾಗಿರುವ ಅನುಮಾನಕ್ಕೆ ಆಧಾರವಿದೆ. ಮೆಕ್ಯಾನಿಕ್ ಬಂದಾಗ ಈ ಕಾಯಿಲ್ ತೋರಿಸಲು ಕೇಳಿ. ಕೇಳುವ ಹಕ್ಕು ನಿಮಗಿದೆ.

ಡಿಫ್ರಾಸ್ಟ್ ದೋಷ ಖಚಿತವಾದರೆ ಮಲ್ಟಿಮೀಟರ್ ಹಿಡಿಯಲು ಬಲ್ಲವರು ಬಿಡಿಭಾಗಗಳನ್ನು ಒಂದೊಂದಾಗಿ ನೋಡಬಹುದು. ಹೀಟರ್ 150 ವ್ಯಾಟಿನದಾದರೆ ಸುಮಾರು 350 ಓಮ್, 200 ವ್ಯಾಟಿನದಾದರೆ 265 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಕಡಿದಿದೆ. ಮಿತಿಮೀರಿ ಕಾದರೆ ಸುಟ್ಟು ಹೀಟರಿನ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಸೊನ್ನೆಯ ಹತ್ತಿರ ಇರಬೇಕು. ಬೈಮೆಟಲ್, ಅಂದರೆ ಐಸ್ ಕರಗಿ ಕಾಯಿಲ್ ಬೆಚ್ಚಗಾದಾಗ ಹೀಟರ್ ಆರಿಸುವ ಸ್ವಿಚ್, ಇದರ ವಿಷಯದಲ್ಲೇ ತಪ್ಪು ಹೆಚ್ಚು. ಅದು ಮೇಜಿನ ಮೇಲೆ ಬೆಚ್ಚಗಿರುವಾಗ ಸಂಪರ್ಕ ಕಡಿದುಕೊಂಡೇ ಇರುತ್ತದೆ, ಅದನ್ನು ನೋಡಿ ಕೆಟ್ಟಿದೆ ಎನ್ನುವಂತಿಲ್ಲ. ಪುಡಿಮಾಡಿದ ಐಸಿಗೆ ಉಪ್ಪು ಬೆರೆಸಿ, ಬೈಮೆಟಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹತ್ತು ನಿಮಿಷ ಹುಗಿದಿಟ್ಟು ನೋಡಿ. ಆಗಲೂ ಸಂಪರ್ಕ ಬಾರದಿದ್ದರೆ ಬದಲಿಸಿ. ಟೈಮರ್ ಇದ್ದರೆ ಅದರ ತಿರುಪಿನ ತುದಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ‘ಟಕ್’ ಎನ್ನುವವರೆಗೆ ತಿರುಗಿಸಿ. ಕಂಪ್ರೆಸರ್ ನಿಲ್ಲಬೇಕು, ಅರ್ಧ ಗಂಟೆಯ ಆಸುಪಾಸಿನಲ್ಲಿ ತಾನಾಗಿ ಮತ್ತೆ ಓಡಬೇಕು. ಅಲ್ಲೇ ನಿಂತುಬಿಟ್ಟರೆ ಟೈಮರ್ ಮೋಟಾರ್ ಸತ್ತಿದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಥರ್ಮಲ್ ಫ್ಯೂಸ್ ಹೋಯಿತೆಂದು ಎರಡು ತಂತಿ ಸುತ್ತಿ ‘ಡೈರೆಕ್ಟ್’ ಕೊಡುವ ರೂಢಿ ಹಲವು ಕಡೆ ಇದೆ. ಬೈಮೆಟಲ್ ಅಂಟಿಕೊಂಡ ದಿನ ಹೀಟರ್ ಆರದೆ ಉರಿದು ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ಫ್ಯೂಸ್ ಸುಟ್ಟಿದ್ದಕ್ಕೆ ಅನೇಕ ಸಲ ಬೈಮೆಟಲೇ ಕಾರಣ. ಆದ್ದರಿಂದ ಎರಡನ್ನೂ ಒಟ್ಟಿಗೇ ಬದಲಿಸಿ, ಮೂಲದಲ್ಲಿದ್ದ ಡಿಗ್ರಿಯ ಫ್ಯೂಸನ್ನೇ ಹಾಕಿಸಿ.

ತರಕಾರಿ ಟ್ರೇ ಕೆಳಗೆ ನೀರು ನಿಂತರೆ ಅದು ಡ್ರೈನ್ ತೂತಿನ ಸಮಸ್ಯೆ. ಕೊತ್ತಂಬರಿ ಎಲೆ, ಲೋಳೆ ಸೇರಿ ಕಟ್ಟಿಕೊಂಡಿರುತ್ತದೆ. ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ಬೆಚ್ಚನೆಯ ನೀರು ಒತ್ತಿ, ಅದು ಹಿಂದಿನ ಟ್ರೇಗೆ ಇಳಿಯುವವರೆಗೆ ಬಿಡಬೇಡಿ. ಬಾಗಿಲ ರಬ್ಬರನ್ನು ಪರೀಕ್ಷಿಸಲು ಹತ್ತು ರೂಪಾಯಿ ನೋಟನ್ನು ನಡುವೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ನಾಲ್ಕೂ ಬದಿಯಲ್ಲಿ ಬಿಗಿ ಗೊತ್ತಾಗಬೇಕು. ಕಪ್ಪು ಬೂಷ್ಟು ಕಟ್ಟಿದ್ದರೆ ಸೋಪುನೀರಲ್ಲಿ ತಿಕ್ಕಿ, ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಸರಿಮಾಡಿ. ಬೆನ್ನಿಗೆ ಜಾಲರಿ ಇರುವ ಫ್ರಿಜ್‌ಗಳಲ್ಲಿ ಸೌದೆ ಒಲೆಯ ಮಸಿ, ಜೇಡರಬಲೆ ಕೂತಿದ್ದರೆ ಬ್ರಷ್ ಹಾಕಿ ತೆಗೆಯಿರಿ.

ಚಳಿಗಾಲದ ಒಂದು ವಿಚಿತ್ರವೂ ಇದೆ. ಹೆಚ್ಚಿನ ಫ್ರಿಜ್‌ಗಳು 16 ಡಿಗ್ರಿಗಿಂತ ಬೆಚ್ಚಗಿನ ಕೋಣೆಗೆಂದು ರೂಪಿಸಿದವು. ಡಿಸೆಂಬರಿನ ಬೆಳಗಿನ ಜಾವ ಹಂಚಿನ ಮನೆಯ ಅಡಿಗೆಕೋಣೆ ಅದಕ್ಕಿಂತ ತಣ್ಣಗಾದರೆ, ಕೆಳಖಾನೆಯ ಉಷ್ಣತೆ ನೋಡಿ ಓಡುವ ಮಾದರಿಗಳಲ್ಲಿ ಕಂಪ್ರೆಸರ್ ಸಾಕಷ್ಟು ಓಡುವುದೇ ಇಲ್ಲ, ಫ್ರೀಜರಿನ ಮೀನು ಮೆತ್ತಗಾಗುತ್ತದೆ. ಇದಕ್ಕೂ ಗ್ಯಾಸ್ ತುಂಬಿಸಿಕೊಂಡವರಿದ್ದಾರೆ. ಥರ್ಮೋಸ್ಟ್ಯಾಟ್ ಒಂದೆರಡು ನಂಬರ್ ಮೇಲಕ್ಕೆ ತಿರುಗಿಸಿ ಒಂದು ದಿನ ನೋಡಿ.

ಮರ ಬಿದ್ದು ಕರೆಂಟ್ ಹೋಗಿ ಬರುವ ಊರುಗಳಲ್ಲಿ ಹಳೆಯ ಮಾದರಿಯ ಕಂಪ್ರೆಸರ್ ಕೆಲವು ಕ್ಷಣ ಗುಂಯ್‌ಗುಟ್ಟಿ ‘ಟಿಕ್’ ಎಂದು ನಿಂತು, ಮತ್ತೆ ಕೆಲವು ನಿಮಿಷಕ್ಕೆ ಅದನ್ನೇ ಮಾಡಿದರೆ ಮೊದಲು ವೋಲ್ಟೇಜ್ ನೋಡಿ. 180ಕ್ಕಿಂತ ಕೆಳಗಿದ್ದರೆ ಸ್ಟೆಬಿಲೈಜರ್ ಬೇಕು, ಅದೂ ಮೂರು ನಿಮಿಷ ತಡಮಾಡಿ ಕರೆಂಟ್ ಕೊಡುವಂಥದ್ದು. ವೋಲ್ಟೇಜ್ ಸರಿಯಿದ್ದರೆ ಪ್ಲಗ್ ಕಿತ್ತು ಕಂಪ್ರೆಸರ್ ಶುರುಮಾಡಿಸುವ ರಿಲೇ ಬಿಚ್ಚಿ ಅಲ್ಲಾಡಿಸಿ. ಒಳಗೆ ಗಲಗಲ ಸದ್ದಾದರೆ ಅದರ ಬಿಲ್ಲೆ ಒಡೆದಿದೆ. ಸಣ್ಣ ಭಾಗ, ಅದಕ್ಕಾಗಿ ಕಂಪ್ರೆಸರ್ ಬದಲಿಸಬೇಕಿಲ್ಲ. ಇನ್ವರ್ಟರ್ ಕಂಪ್ರೆಸರ್‌ಗೆ ಈ ಪರೀಕ್ಷೆ ಹೊಂದುವುದಿಲ್ಲ. ಅದರ ಬೋರ್ಡಿನಲ್ಲಿ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಉಳಿದಿರುತ್ತದೆ, ಮುಟ್ಟಬೇಡಿ.

ಇಷ್ಟೆಲ್ಲ ನೋಡಿಯೂ ಗ್ಯಾಸ್ ದೋಷವೇ ಎಂದಾದರೆ ಹಿಂದಿನ ಲೇಬಲ್ ಓದಿ. ಈಚಿನ ಹೆಚ್ಚಿನ ಫ್ರಿಜ್‌ಗಳಲ್ಲಿರುವುದು ಆರ್600ಎ, ಬೆಂಕಿ ಹತ್ತುವ ಗ್ಯಾಸ್. ತೂಕವೂ ಬಲು ಕಡಿಮೆ, ಹಲವು ಮಾದರಿಗಳಲ್ಲಿ 40ರಿಂದ 60 ಗ್ರಾಂ. ಹತ್ತು ಗ್ರಾಂ ಹೆಚ್ಚುಕಮ್ಮಿಯಾದರೂ ತಂಪು ಕೆಡುತ್ತದೆ. ಸೋರುವ ಜಾಗ ಹುಡುಕಿ ಮುಚ್ಚಬೇಕು, ಹೊಸ ಫಿಲ್ಟರ್ ಹಾಕಬೇಕು, ಕೊಳವೆಯೊಳಗಿನ ಗಾಳಿ ತೆಗೆಯಲು ವ್ಯಾಕ್ಯೂಮ್ ಎಳೆಯಬೇಕು, ಲೇಬಲ್‌ನಲ್ಲಿ ಬರೆದ ಗ್ಯಾಸನ್ನೇ ಬರೆದಷ್ಟೇ ತೂಗಿ ತುಂಬಬೇಕು. ತಕ್ಕಡಿ, ವ್ಯಾಕ್ಯೂಮ್ ಪಂಪ್ ಎರಡೂ ಇಲ್ಲದೆ ಬಂದವರಿಗೆ ಕೊಳವೆ ಕತ್ತರಿಸಲು ಬಿಡಬೇಡಿ. ಕೆಲಸ ನಡೆಯುವಾಗ ಒಲೆ ಆರಿಸಿ, ಕಿಟಕಿ ತೆರೆದಿಡಿ.